ತಿರ್ಜಾ ತೂಗುಹಾಕಿದ ಕೊಕ್ಕೆ

ಇಂಗ್ಲೆಂಡಿನ ಹೇಬ್ರಿಜ್ ದಕ್ಕೆಯ ಪಬ್ಬಿನಲ್ಲಿ ಮಾತಾಡಲು ಬೇರೇನೂ ಸಿಗದ ದಿನ ಒಂದು ಹಳೆಯ ಜಗಳವಂತೂ ಕೈಗೆ ಸಿಗುತ್ತಿತ್ತು. ‘ಸ್ಲಿಂಗ್ ಯುವರ್ ಹುಕ್’ ಎಂಬ ಮಾತು, ಅಂದರೆ ‘ನಿನ್ನ ಕೊಕ್ಕೆ ತೂಗುಹಾಕು’ ಎಂಬುದು, ಮೊದಲು ಹುಟ್ಟಿದ್ದು ಯಾರ ಬಾಯಲ್ಲಿ? ಆ ಕಡೆ ಹಾಗೆಂದರೆ ಜಾಗ ಖಾಲಿ ಮಾಡು, ಇನ್ನು ನಿನ್ನ ಮುಖ ಇಲ್ಲಿ ಕಾಣಬಾರದು ಎಂದೇ ಅರ್ಥ. ಮೇಸ್ತ್ರಿ ಆಳಿಗೆ ಹೇಳುತ್ತಾನೆ, ಹೆಂಡತಿ ಕುಡಿದು ಬಂದ ಗಂಡನಿಗೆ ಹೇಳುತ್ತಾಳೆ, ಪಬ್ಬಿನೊಡತಿ ದಿನಕ್ಕೆರಡು ಸಲವಾದರೂ ಹೇಳುತ್ತಾಳೆ. ಅರ್ಥದ ಬಗ್ಗೆ ಯಾರದೂ ತಕರಾರಿಲ್ಲ. ತಕರಾರೆಲ್ಲ ಆ ಕೊಕ್ಕೆ ಯಾವುದು ಎಂಬುದರ ಮೇಲೆ.

“ಅದು ನಮ್ಮ ಕೊಕ್ಕೆ ಕಣ್ರೋ,” ಎನ್ನುತ್ತಿದ್ದ ಸಿಡ್ ಟ್ರಾಂಟರ್. ಲಂಡನ್ ಬಂದರಿನಲ್ಲಿ ಹಮಾಲಿಯಾಗಿದ್ದು ನಿವೃತ್ತನಾಗಿ ಬಂದವನು. “ಮೂವತ್ತು ವರ್ಷ ಮೂಟೆ ಎಳೆದಿದ್ದೀನಿ. ಕೆಲಸ ಮುಗೀತಾ, ಮೂಟೆ ಎಳೆಯೋ ಕೊಕ್ಕೇನ ಹೆಗಲಿಗೆ ತೂಗುಹಾಕ್ಕೊಂಡು ಮನೆ ಕಡೆ. ಇದ್ರಲ್ಲಿ ಸಮುದ್ರ ಎಲ್ಲಿಂದ ಬಂತು?”

“ಹೋಗಯ್ಯ ಸಾಕು!” ಎಂದು ದೋಣಿಯವರೆಲ್ಲ ಒಟ್ಟಿಗೆ ಮೇಲೆ ಬೀಳುತ್ತಿದ್ದರು. “ಕೊಕ್ಕೆ ಅಂದ್ರೆ ಲಂಗರು. ಲಂಗರು ಎತ್ತಿ ಮುಂದಿನ ಮೂತಿ ಹತ್ರ ಕುಣಿಕೇಲಿ ತೂಗುಹಾಕದೆ ಯಾವ ಹಡಗು ಹೊರಟಿದೆ ಹೇಳು? ಹಡಗು ಹೊರಡೋಕೆ ಹೇಳೋ ಮಾತನ್ನೇ ಮನುಷ್ಯ ತೊಲಗೋಕೂ ಹೇಳಿದ್ರು. ಬೇಕಾದ್ರೆ ತಿರ್ಜಾನ ಕೇಳು!”

ಎಲ್ಲರ ಮುಖ ಕಿಟಕಿಯ ಹತ್ತಿರ ಕೂತ ತಿರ್ಜಾ ವೇಕ್ಲಿನ್ ಕಡೆ ತಿರುಗುತ್ತಿತ್ತು. ಐವತ್ತೈದರ ಗಟ್ಟಿ ಹೆಂಗಸು, ಬಿಸಿಲು ಗಾಳಿಗೆ ಕೆಂಪಾದ ಕೆನ್ನೆ, ಅಂಗೈ ನೋಡಿದರೆ ಹಗ್ಗ ಎಳೆದವಳೆಂದು ಯಾರೂ ಹೇಳಬೇಕಾಗಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ಓಬೆಡ್ ಪಡ್ನಿ ಎಂಬ ದೋಣಿ ನಡೆಸುವ ಯಜಮಾನ ಇವಳಿಗೆ “ನಿನ್ನ ಕೊಕ್ಕೆ ತೂಗುಹಾಕು” ಎಂದು ಬೈದು ಓಡಿಸಲು ಹೋದರೆ, ಇವಳು ಬೈದದ್ದೂ ತಿಳಿಯದೆ ನೆಟ್ಟಗೆ ಹೋಗಿ ದೋಣಿಯ ಲಂಗರನ್ನೇ ಎತ್ತಿ ತೂಗುಹಾಕಿದಳಂತೆ. ಬ್ಲ್ಯಾಕ್‌ವಾಟರ್ ಅಳಿವೆಯ ಉದ್ದಕ್ಕೂ ಈ ಕಥೆ ಗೊತ್ತಿಲ್ಲದ ನಾಯಿಯೂ ಇರಲಿಲ್ಲ. ಕೇಳಿದವರು ಹೊಟ್ಟೆ ಹಿಡಿದು ನಗುತ್ತಿದ್ದರು. ತಿರ್ಜಾ ಕೂಡ ನಗುತ್ತಿದ್ದಳು. ಪಾಪ, ಒಳ್ಳೆಯವಳು, ಸ್ವಲ್ಪ ಮಂದಬುದ್ಧಿ ಎಂದು ಜನ ಪ್ರೀತಿಯಿಂದಲೇ ಆಡಿಕೊಳ್ಳುತ್ತಿದ್ದರು.

ನಿಜ ಹೇಳಬೇಕೆಂದರೆ ತಿರ್ಜಾಳಿಗೆ ಅಂದು ಎಲ್ಲ ಅರ್ಥವಾಗಿತ್ತು. ಪ್ರತಿಯೊಂದು ಅಕ್ಷರವೂ ಅರ್ಥವಾಗಿತ್ತು. ಅದನ್ನು ಅವಳು ಒಬ್ಬರಿಗೂ ಹೇಳಿರಲಿಲ್ಲ.

ಅವಳು ನೀರಿನವಳೇ ಅಲ್ಲ. ಗೋಲ್ಡ್‌ಹ್ಯಾಂಗರ್ ಹತ್ತಿರದ ಒಂದು ಜಮೀನಿನಲ್ಲಿ ಕುದುರೆ ಉಳುಮೆಯವನ ಹೆಂಡತಿ. ಗಂಡ ಮೊದಲ ಮಹಾಯುದ್ಧಕ್ಕೆ ಹೋದವನು ಹಿಂದಿರುಗಲಿಲ್ಲ. ಗಂಡನಿಲ್ಲದ ನಾಲ್ಕು ವರ್ಷ ಅವನ ಕುದುರೆಗಳ ಹಿಂದೆ ಅವಳೇ ನೇಗಿಲು ಹಿಡಿದು ನಡೆದಳು. ಆದರೆ ಇದ್ದ ಮನೆ ಉಳುಮೆಯ ಕೆಲಸದ ಜೊತೆ ಬಂದದ್ದು. ಯುದ್ಧ ಮುಗಿದು ಗಂಡಸರು ಊರಿಗೆ ಬಂದ ಮೇಲೆ ಹೊಸ ಉಳುಮೆಯವನನ್ನು ಇಟ್ಟುಕೊಂಡರು, ಮನೆ ಅವನಿಗೆ ಹೋಯಿತು. ವಿಟಮ್‌ನಲ್ಲಿ ಅಕ್ಕ ಇದ್ದಳು. ಎರಡು ಕೋಣೆಯಲ್ಲಿ ಒಂಬತ್ತು ಜನ. ಹತ್ತನೆಯವಳಿಗೆ ಅಲ್ಲಿ ನಿಲ್ಲಲೂ ಜಾಗವಿರಲಿಲ್ಲ.

ಮನೆ ಬಿಡಲು ಎರಡು ವಾರ ಉಳಿದಿದ್ದಾಗ ಓಬೆಡ್ ಪಡ್ನಿಯ ‘ಲವೀನಿಯಾ’ ದೋಣಿ ಹುಲ್ಲು ತುಂಬಲು ಆ ಜಮೀನಿನ ದಕ್ಕೆಗೆ ಬಂದು ನಿಂತಿತು. ಆಗ ಲಂಡನ್ನಿನ ಕುದುರೆಗಳಿಗೆಲ್ಲ ಮೇವು ಹೋಗುತ್ತಿದ್ದದ್ದು ಹೀಗೆ, ಹಾಯಿದೋಣಿಯ ಮೇಲೆ ಹುಲ್ಲಿನ ಬಣವೆಯನ್ನೇ ಒಟ್ಟಿಕೊಂಡು. ಓಬೆಡ್‌ನ ಜೊತೆಯಾಳು ಹಿಂದಿನ ದಿನ ಕಾಲು ಮುರಿದುಕೊಂಡಿದ್ದ. ಬಂದ ಕೂಲಿಯವರು ಒಟ್ಟಿದ ಬಣವೆ ಒಂದು ಪಕ್ಕಕ್ಕೆ ವಾಲಿತು. ನೋಡುತ್ತ ನಿಂತಿದ್ದ ತಿರ್ಜಾ ತಡೆಯಲಾರದೆ ಕೂಗಿದಳು.

“ಯಜಮಾನ್ರೇ, ಅದು ಬಣವೆನೋ ಕುಡುಕನೋ? ಮೂಲೆ ಮೊದ್ಲು ಕಟ್ಬೇಕು, ಹೊಟ್ಟೆ ಆಮೇಲೆ!”

“ಅಷ್ಟು ಗೊತ್ತಿದ್ರೆ ನೀನೇ ಹತ್ತಮ್ಮ!” ಎಂದ ಓಬೆಡ್. ಸಿಡುಕ, ಆದರೆ ಕಣ್ಣಿದ್ದವನು. ಅವಳು ಹತ್ತಿದಳು. ಸಂಜೆಗೆ ಬಣವೆ ಹನ್ನೆರಡು ಅಡಿ ಎತ್ತರಕ್ಕೆ ಗೋಡೆಯಂತೆ ನಿಂತಿತ್ತು. ಅವಳು ಕೆಳಗಿಳಿದು, ಹುಲ್ಲು ಕೊಡವಿಕೊಂಡು, ನಾಚಿಕೆ ಬಿಟ್ಟು ಕೇಳಿದಳು, “ಜೊತೆಯಾಳು ಬೇಕಲ್ವಾ ನಿಮಗೆ?” ಓಬೆಡ್ ಅವಳನ್ನು ಮೇಲಿಂದ ಕೆಳಗೆ ನೋಡಿ, “ಅಡುಗೆ ಬರುತ್ತಾ?” ಎಂದ. “ಬಣವೆ ಕಟ್ಟಿದಷ್ಟು ಚೆನ್ನಾಗಿ ಬರಲ್ಲ,” ಎಂದಳು. ಅವನಿಗೆ ನಗು ಬಂತು. ಹೆಂಗಸನ್ನು ಜೊತೆಗಿಟ್ಟುಕೊಂಡರೆ ಊರೇನನ್ನುತ್ತದೋ ಎಂದು ಅವನು ಅಳುಕಿದರೆ, ಅವನ ಹೆಂಡತಿ ಏಡಾ, “ನಿನ್ನ ಮುಖಕ್ಕೆ ಯಾರೂ ಏನೂ ಅನ್ನಲ್ಲ ಬಿಡು,” ಎಂದು ಬಾಯಿ ಮುಚ್ಚಿಸಿದಳು.

ದೋಣಿಯಲ್ಲಿ ಅವಳಿಗೆ ಒಂದು ಮಂಚ ಸಿಕ್ಕಿತು, ಒಲೆ ಸಿಕ್ಕಿತು, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಗೂಡು ಸಿಕ್ಕಿತು. ಮೊದಲ ದಿನ ಆ ಬಾಗಿಲನ್ನು ಸುಮ್ಮನೆ ಹಾಕಿ ತೆಗೆದು, ಹಾಕಿ ತೆಗೆದು ನೋಡಿದಳು. ಇಷ್ಟು ಉಳಿದರೆ ಸಾಕಪ್ಪ ದೇವರೇ ಎಂದುಕೊಂಡಳು.

ಓಬೆಡ್ ಕಲಿಸಿದ ಮೊದಲ ಪಾಠ ಒಂದೇ. “ನೀರಿನ ಮೇಲೆ ನಾನು ಏನು ಹೇಳ್ತೀನೋ ಅದನ್ನ ಮೊದ್ಲು ಮಾಡು. ಯಾಕೆ ಅಂತ ಆಮೇಲೆ ಕೇಳು. ಯಾಕೆ ಅಂತ ಕೇಳೋಷ್ಟರಲ್ಲಿ ನಾವಿಬ್ರೂ ಮುಳುಗಿರ್ತೀವಿ.” ಎರಡನೆಯ ಪಾಠ ಹೆಸರುಗಳದು. ಲಂಗರನ್ನು ಯಾರೂ ಲಂಗರು ಎನ್ನುವುದಿಲ್ಲ, ಕೊಕ್ಕೆ ಎನ್ನುತ್ತಾರೆ. ಕೊಕ್ಕೆ ಮೇಲೆ ಬಂದ ಕೂಡಲೇ ಅದನ್ನು ಮೂತಿಯ ಬಳಿ ಕುಣಿಕೆಯಲ್ಲಿ ತೂಗುಹಾಕಬೇಕು, ಇಲ್ಲದಿದ್ದರೆ ಅದು ಅಲೆಗೆ ಓಲಾಡಿ ದೋಣಿಯ ಪಕ್ಕೆಯನ್ನೇ ಒಡೆಯುತ್ತದೆ. ಮೂರನೆಯ ಪಾಠ ಬಣವೆಯದು. ಬಣವೆ ಹೇರಿದ ದೋಣಿಯಲ್ಲಿ ಹಿಂದೆ ಚುಕ್ಕಾಣಿ ಹಿಡಿದವನಿಗೆ ಮುಂದೆ ಏನೇನೂ ಕಾಣುವುದಿಲ್ಲ, ಹುಲ್ಲು ಬಿಟ್ಟು. ಜೊತೆಯಾಳು ಬಣವೆಯ ನೆತ್ತಿಯ ಮೇಲೆ ನಿಂತು ಎಡಕ್ಕೆ, ಬಲಕ್ಕೆ ಎಂದು ಕೂಗಬೇಕು. ಅವನು ಕುರುಡ, ಇವಳು ಕಣ್ಣು.

ಐದನೆಯ ದಿನ ಬೆಳಗ್ಗೆ, ಇಳಿತದ ನೀರಿನಲ್ಲಿ, ಹೊರಕ್ಕೆ ಹೋಗುವಾಗ ಅನಾಹುತವಾಯಿತು. ತಿರ್ಜಾ ಬಣವೆಯ ಬಲಗಡೆ ಅಂಚಿನಲ್ಲಿ ನಿಂತಿದ್ದಳು. ಇದ್ದಕ್ಕಿದ್ದಂತೆ ಬಲಗಡೆ ನೀರಿನ ಬಣ್ಣ ತಿರುಗಿತು, ಕೆಳಗೆ ಕೆಸರು ದಿಬ್ಬ. ಎಡಕ್ಕೆ ಎಳೆಯಬೇಕಿತ್ತು. ಗಾಬರಿಯಲ್ಲಿ ಕಲಿತ ಮಾತೆಲ್ಲ ಮರೆತು ನಾಲ್ಕು ವರ್ಷದ ಅಭ್ಯಾಸ ಬಾಯಿಗೆ ಬಂತು. “ಬಾ ಇತ್ತ! ಬಾ ಇತ್ತ!” ಎಂದು ಕಿರುಚಿದಳು. ಉಳುವಾಗ ಕುದುರೆಯ ಎಡಗಡೆ ನಡೆಯುವವರು ಅದನ್ನು ಎಡಕ್ಕೆ ಕರೆಯುವುದು ಹಾಗೆ. ಆ ಸೀಮೆಯ ಯಾವ ಕುದುರೆಗಾದರೂ ಅರ್ಥವಾಗುತ್ತಿತ್ತು. ಆದರೆ ಓಬೆಡ್ ಕುದುರೆಯಲ್ಲ. ಅವಳು ತಾನು ನಿಂತ ಕಡೆಗೆ ಕರೆಯುತ್ತಿದ್ದಾಳೆಂದು ತಿಳಿದು ಬಲಕ್ಕೆ ತಿರುಗಿಸಿದ. ‘ಲವೀನಿಯಾ’ ಹೋಗಿ ಕೆಸರಿನಲ್ಲಿ ಕೂತಿತು, ಮೊಟ್ಟೆಗೆ ಕೂತ ಕೋಳಿಯಂತೆ.

ನೀರು ಇಳಿಯುತ್ತಿತ್ತು. ಮತ್ತೆ ಉಬ್ಬರ ಬರುವವರೆಗೆ ಅಲ್ಲಾಡುವಂತಿಲ್ಲ. ತೇಲಿದಾಗ ಮತ್ತೆ ದಿಬ್ಬ ಹತ್ತದಿರಲೆಂದು ಓಬೆಡ್ ಚಿಕ್ಕ ದೋಣಿಯಲ್ಲಿ ಕೊಕ್ಕೆ ಒಯ್ದು ಆಳದ ನೀರಿನಲ್ಲಿ ಹಾಕಿ ಬಂದ. ಆಮೇಲೆ ಚುಕ್ಕಾಣಿಯ ಹತ್ತಿರ ಕೂತು ಪೈಪು ಹಚ್ಚಿದ. ಬೆಳಗಿನಿಂದ ಸಂಜೆಯವರೆಗೆ ಅದು ಬಾಯಿಂದ ಕೆಳಗಿಳಿಯಲಿಲ್ಲ. ಪಕ್ಕದಲ್ಲೇ ಹಾದು ಹೋದ ದೋಣಿಯವರು ಮಾತ್ರ ಸುಮ್ಮನಿರಲಿಲ್ಲ. “ಬಾ ಇತ್ತ” ಎಂಬ ಕೂಗು ನೀರಿನ ಮೇಲೆ ದೂರ ಕೇಳಿತ್ತು.

“ಓಬೆಡ್! ಉಳುಮೆ ಮುಗೀತಾ? ಗೋಧಿ ಬಿತ್ತೀಯೋ ಟರ್ನಿಪ್ಪೋ?”

“ಓಬೆಡ್! ನೇಗಿಲು ಚೆನ್ನಾಗಿ ಆಳಕ್ಕಿಳಿದಿದೆ ಕಣೋ!”

ಮೂವತ್ತು ವರ್ಷದಲ್ಲಿ ಒಂದು ಸಲವೂ ಕೆಸರು ಹತ್ತದವನು ಓಬೆಡ್. ಪ್ರತಿ ಮಾತಿಗೂ ಅವನ ಕುತ್ತಿಗೆ ಒಂದು ಸುತ್ತು ಕೆಂಪಾಯಿತು. ತಿರ್ಜಾ ಚಹಾ ಮಾಡಿ ತಂದಿಟ್ಟಳು, ಅವನು ಮುಟ್ಟಲಿಲ್ಲ. ಉಬ್ಬರ ಬಂದು ದೋಣಿ ಮೆಲ್ಲಗೆ ತೇಲಿ ಲಂಗರಿಗೆ ಜಗ್ಗಿ ನಿಂತಾಗ ಅವನು ಎದ್ದ. ಅವಳ ಮುಖ ನೋಡದೆ, ಹಿಂದೆ ಕಟ್ಟಿದ್ದ ಚಿಕ್ಕ ದೋಣಿಯ ಕಡೆ ಕೈ ತೋರಿಸಿದ.

“ಸಾಕಾಯ್ತು. ಹೋಗು, ನಿನ್ನ ಕೊಕ್ಕೆ ತೂಗುಹಾಕು.”

ತಿರ್ಜಾ ಅವನು ಮುಟ್ಟದ ಚಹಾ ಎತ್ತಿಕೊಂಡಳು. ಕೆಳಗೆ ತನ್ನ ಗೂಡಿಗೆ ಹೋದಳು. ಕಟ್ಟಿಕೊಳ್ಳಲು ಇದ್ದದ್ದೇ ಒಂದು ಕೈಚೀಲ. ಮಂಚವನ್ನು ನೋಡಿದಳು, ಬಾಗಿಲನ್ನು ನೋಡಿದಳು. ದಡದಲ್ಲಿ ತನಗಾಗಿ ಯಾವ ಬಾಗಿಲೂ ಇಲ್ಲ. ಮೆಟ್ಟಿಲು ಹತ್ತಿ ಮೇಲೆ ಬಂದಾಗಲೂ ಚಿಕ್ಕ ದೋಣಿಗೇ ಹೋಗುವ ಮನಸ್ಸಿತ್ತು. ಓಬೆಡ್ ಬೆನ್ನು ತಿರುಗಿಸಿ ನಿಂತಿದ್ದ. ಆಗ ಅವಳಿಗೆ ಹೊಳೆಯಿತು. ಹೇಳಿದ್ದನ್ನು ಮೊದಲು ಮಾಡು ಎಂದವನು ಇವನೇ. ಕೊಕ್ಕೆ ಎಂದರೇನೆಂದು ಹೇಳಿಕೊಟ್ಟವನೂ ಇವನೇ. ಇವನು ಹೇಳಿದ್ದನ್ನೇ ಮಾಡಿದರೆ ತಪ್ಪೇನು?

ಅವಳು ಚಿಕ್ಕ ದೋಣಿಗೆ ಬೆನ್ನು ಹಾಕಿ, ಬಣವೆಯ ಪಕ್ಕದ ಒಂದಡಿ ಜಾಗದಲ್ಲಿ ನುಸುಳಿ, ಮೂತಿಯ ಕಡೆ ನಡೆದಳು. ಇಬ್ಬರು ಸುತ್ತಬೇಕಾದ ಲಂಗರಿನ ರಾಟೆಯನ್ನು ಒಬ್ಬಳೇ ಹಿಡಿದಳು. ಕಟ್, ಕಟ್, ಕಟ್ ಎಂದು ಸರಪಳಿ ಮೇಲೆ ಬಂತು. ತೋಳು ಕಳಚಿ ಬೀಳುವಂತಾಯಿತು. ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವನು ಬಂದು, ಏನು ಮಾಡ್ತಿದ್ದೀಯ ಎಂದು ಕೇಳುತ್ತಾನೆ. ಕೇಳಿದರೆ ತಾನು ಅತ್ತುಬಿಡುತ್ತೇನೆ. ಕೊಕ್ಕೆ ಕೆಸರು ಸುರಿಸುತ್ತ ಮೇಲೆ ಬಂದಾಗ ಅದನ್ನು ಕುಣಿಕೆಗೆ ಸಿಕ್ಕಿಸಿ, ಗಂಟು ಬಿಗಿದು, ಇದ್ದ ಉಸಿರೆಲ್ಲ ಸೇರಿಸಿ ಕೂಗಿದಳು.

“ಕೊಕ್ಕೆ ತೂಗುಹಾಕಿದ್ದೀನಿ ಯಜಮಾನ್ರೇ!”

ಆಗತಾನೆ ನೀರು ತಿರುಗಿತ್ತು. ಲಂಗರಿಲ್ಲದ ದೋಣಿ ಇಳಿತಕ್ಕೆ ಸಿಕ್ಕಿ ಹೊರಟೇಬಿಟ್ಟಿತು. ಬಣವೆಯ ಹಿಂದಿನಿಂದ ಒಂದು ದೊಡ್ಡ ಬೈಗುಳ, ಅದರ ಹಿಂದೆ ಚುಕ್ಕಾಣಿ ತಿರುಗಿದ ಸದ್ದು, ಅದರ ಹಿಂದೆ ಓಬೆಡ್‌ನ ದನಿ.

“ನಿಂತ್ಕೊಂಡೇನ್ ನೋಡ್ತೀಯ? ಹತ್ತು ಮೇಲೆ! ಮುಂದೆ ಏನಿದೆ ಹೇಳು!”

ಅವಳು ಹತ್ತಿದಳು. ಎಡ ಮರೆಯದಂತೆ ಎಡಗೈ ಮಣಿಕಟ್ಟಿಗೆ ಒಂದೆಳೆ ಹುಲ್ಲು ಕಟ್ಟಿಕೊಂಡು, ಎಡಕ್ಕೆ, ಬಲಕ್ಕೆ, ನೆಟ್ಟಗೆ ಎಂದು ಕೂಗುತ್ತ, ಲಂಡನ್ ಮುಟ್ಟುವವರೆಗೆ ಒಂದು ಮಾತೂ ತಪ್ಪಲಿಲ್ಲ. ಅಲ್ಲಿ ಹುಲ್ಲು ಇಳಿಸಿದ ಮೇಲೆ ಓಬೆಡ್, “ವಾಪಸ್ ಹೋಗೋವಾಗ ಆಲೂಗೆಡ್ಡೆ ಸ್ವಲ್ಪ ಬೇಯ್ಸು, ಹಸೀದು ತಿನ್ನಿಸ್ಬೇಡ,” ಎಂದ. ಅಷ್ಟೇ. ಹೋಗು ಎಂಬ ಮಾತು ಮತ್ತೆ ಬರಲಿಲ್ಲ.

ಆದರೆ ಊರಿಗೆ ಬಂದ ಮೊದಲ ಸಂಜೆಯೇ ಅವನು ಪಬ್ಬಿನಲ್ಲಿ ಕಥೆ ಶುರುಮಾಡಿದ. “ಕೇಳ್ರಪ್ಪ, ಕೊಕ್ಕೆ ತೂಗುಹಾಕು ಅಂದ್ರೆ ಈಯಮ್ಮ ಏನ್ಮಾಡಿದ್ಲು ಗೊತ್ತಾ...” ಪಬ್ಬು ಬಿದ್ದು ಬಿದ್ದು ನಕ್ಕಿತು. ತಿರ್ಜಾಳಿಗೆ ಅವಮಾನವಾಯಿತು, ಆದರೂ ನಕ್ಕಳು. ನಗದೆ ಬೇರೆ ದಾರಿಯಿರಲಿಲ್ಲ. ತನಗೆ ಅರ್ಥವಾಗಿತ್ತು ಎಂದರೆ ಅಂದಿನ ಮಾತು ಮತ್ತೆ ಜೀವ ಪಡೆಯುತ್ತದೆ ಎಂಬ ಭಯ.

ಹೀಗೆ ಇಪ್ಪತ್ತಾರು ವರ್ಷ. ಲಂಡನ್ನಿನ ಕುದುರೆಗಳು ಹೋಗಿ ಮೋಟಾರು ಬಂದವು, ಹುಲ್ಲು ಹೋಗಿ ಇಟ್ಟಿಗೆ ಬಂತು, ಗೋಧಿ ಬಂತು, ಇನ್ನೊಂದು ಯುದ್ಧವೂ ಬಂತು. ಓಬೆಡ್‌ನ ಮೊಣಕಾಲು ಕೈಕೊಟ್ಟ ಮೇಲೆ ಚುಕ್ಕಾಣಿ ತಿರ್ಜಾಳದಾಯಿತು. ದೋಣಿಯ ಮಾಲೀಕರಿಗೆ ಅವಳ ಹೆಸರು ಹೇಳಿದವನು ಅವನೇ. ಅಳಿವೆಯ ಪ್ರತಿ ದಿಬ್ಬವೂ ಅವಳಿಗೆ ಹೆಸರು ಹಿಡಿದು ಗೊತ್ತು. ಬೆಳಗ್ಗೆ ಮಂಜು ಸರಿದು ನೀರು ಬೆಳ್ಳಿಯಾಗುವಾಗ ಎಷ್ಟೋ ಸಲ ಕೈಯಲ್ಲಿದ್ದ ಚಹಾ ಆರಿಹೋಗುತ್ತಿತ್ತು. ಇದೆಲ್ಲ ಆ ಮನುಷ್ಯ ಕೊಟ್ಟದ್ದು. ಅಂದು ಅವನು ಮತ್ತೊಂದು ಸಲ ಹೋಗು ಎಂದಿದ್ದರೆ ಮುಗಿದಿತ್ತು, ಅನ್ನಲಿಲ್ಲ. ಅದಕ್ಕೊಂದು ಥ್ಯಾಂಕ್ಸ್ ಹೇಳಬೇಕು. ಹೇಳಬೇಕಾದರೆ ಮೋಸ ಒಪ್ಪಿಕೊಳ್ಳಬೇಕು. ಆ ಎರಡರ ನಡುವೆ ಮಾತು ಇಪ್ಪತ್ತಾರು ವರ್ಷ ಸಿಕ್ಕಿಕೊಂಡಿತ್ತು. ಮನುಷ್ಯರು ಬೈಗುಳವನ್ನು ಎಷ್ಟು ಸಲೀಸಾಗಿ ಆಡುತ್ತಾರೆ, ಕೃತಜ್ಞತೆಗೆ ಎಷ್ಟು ಒದ್ದಾಡುತ್ತಾರೆ ನೋಡಿ.

ನಲವತ್ತೇಳರ ಮೇ ತಿಂಗಳಲ್ಲಿ ಓಬೆಡ್‌ಗೆ ಎದೆಯಲ್ಲಿ ಏನೋ ಇದೆ, ಕೊಯ್ಯಬೇಕು ಎಂದರು ಡಾಕ್ಟರು. ಸೋಮವಾರ ಆಸ್ಪತ್ರೆಗೆ ಹೋಗಬೇಕು. ಎಪ್ಪತ್ತು ವಯಸ್ಸು, ಹೋದವನು ಬಂದಾನೆಂದು ಯಾರೂ ಬರೆದು ಕೊಡುವಂತಿರಲಿಲ್ಲ. ಭಾನುವಾರ ಸಂಜೆ ನಾಲ್ಕಕ್ಕೆ ತಿರ್ಜಾ ಅವನ ಮನೆಗೆ ಹೋದಳು. ಮೇಜಿನ ಮೇಲೆ ಚಹಾ, ಬ್ರೆಡ್ಡು, ಒಂದು ಬಟ್ಟಲು ಬೇಯಿಸಿದ ಸಮುದ್ರದ ಬಸವನಹುಳು. ಓಬೆಡ್ ಗುಂಡುಸೂಜಿಯಿಂದ ಒಂದೊಂದನ್ನೇ ಚಿಪ್ಪಿನಿಂದ ಎಳೆದು ತಿನ್ನುತ್ತಿದ್ದ. ಏಡಾ ಬ್ರೆಡ್ಡಿಗೆ ಮಾರ್ಗರೀನ್ ಹಚ್ಚುತ್ತಿದ್ದಳು.

ತಿರ್ಜಾ ಕೂತಳು, ಎದ್ದಳು, ಮತ್ತೆ ಕೂತಳು.

“ಕುರ್ಚೀಲಿ ಮುಳ್ಳಿದ್ಯಾ?” ಎಂದಳು ಏಡಾ.

“ಓಬೆಡ್, ಒಂದು ಮಾತು,” ಎಂದಳು ತಿರ್ಜಾ. ದನಿ ತನ್ನದೇ ಅನ್ನಿಸಲಿಲ್ಲ. “ಅವತ್ತು ನೀವು ಕೊಕ್ಕೆ ತೂಗುಹಾಕು ಅಂದ್ರಲ್ಲ. ನಂಗೆ ಅರ್ಥ ಆಗಿತ್ತು. ಚೆನ್ನಾಗೇ ಅರ್ಥ ಆಗಿತ್ತು. ಹೋಗೋಕೆ ಜಾಗ ಇರ್ಲಿಲ್ಲ, ಅದ್ಕೆ ಪೆದ್ದಿ ಹಾಗೆ ನಟಿಸ್ದೆ. ಮೋಸ ಮಾಡ್ದೆ ನಿಮಗೆ.”

ಓಬೆಡ್ ಸೂಜಿಯಲ್ಲಿದ್ದದ್ದನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ.

“ಟೋಪಿ,” ಎಂದ.

“ಏನು?”

“ನಿನ್ನ ಕರೀ ಟೋಪಿ ಕಣೆ. ಚರ್ಚಿಗೆ ಹಾಕ್ಕೊಂಡು ಹೋಗ್ತಿದ್ಯಲ್ಲ, ಅದು. ಕೆಳಗೆ ಹೋದೋಳು ಅದನ್ನ ತಲೇಗಿಟ್ಟು, ಪಿನ್ನು ಚುಚ್ಕೊಂಡು, ಚೀಲ ಹಿಡ್ಕೊಂಡು ಮೇಲೆ ಬಂದೆ. ನಾನು ಕಣ್ಣಂಚಲ್ಲಿ ನೋಡ್ದೆ. ಆಮೇಲೆ ಅದೇ ಟೋಪೀಲೇ ಬಣವೆ ಮೇಲೂ ನಿಂತಿದ್ದೆ. ಚರ್ಚು ಟೋಪಿ ಹಾಕ್ಕೊಂಡು ಲಂಗರು ಎತ್ತೋ ಹೆಂಗಸನ್ನ ಇಂಗ್ಲೆಂಡಲ್ಲೇ ಯಾರೂ ನೋಡಿಲ್ಲ.”

ತಿರ್ಜಾಳ ಕೈ ತಾನಾಗಿ ತಲೆಯ ಮೇಲೆ ಹೋಯಿತು. ಟೋಪಿಯ ವಿಷಯ ಅವಳಿಗೆ ನೆನಪೇ ಇರಲಿಲ್ಲ.

“ಹಾಗಾದ್ರೆ ಯಾಕೆ ಸುಮ್ಮನಿದ್ರಿ?”

“ಏನನ್ಲಿ? ಬಾಯಿಂದ ಬಿದ್ದ ಮಾತನ್ನ ಯಜಮಾನ ವಾಪಸ್ ತಗೊಳ್ಳೋ ಹಾಗಿಲ್ಲ. ಅಂದ ಮರುಗಳಿಗೇನೆ ಯಾಕಾದ್ರೂ ಅಂದ್ನೋ ಅನ್ನಿಸ್ತು. ಈಯಮ್ಮ ದೋಣಿಗಿಳೀದೆ ಇದ್ರೆ ಸಾಕು ಅಂತ ಬೆನ್ನು ತಿರುಗಿಸ್ಕೊಂಡು ನಿಂತಿದ್ದೆ. ಆಗ ಕೇಳಿಸ್ತು ರಾಟೆ ಸದ್ದು.” ಅವನು ಸೂಜಿಯನ್ನು ಮೇಜಿನ ಮೇಲಿಟ್ಟ. “ಮಾತು ನನ್ನದೇ, ನೀನು ಪಾಲಿಸ್ದೆ. ನನ್ನ ಮರ್ಯಾದೇನೂ ಉಳೀತು, ನೀನೂ ಉಳಿದೆ. ಅಷ್ಟು ಬುದ್ಧಿ ನಂಗಿರ್ಲಿಲ್ಲ.”

“ಮತ್ತೆ ಪಬ್ಬಲ್ಲಿ ಇಷ್ಟು ವರ್ಷ ನನ್ನನ್ನ ಪೆದ್ದಿ ಮಾಡಿದ್ರಲ್ಲ?”

“ಇನ್ನೇನ್ ಮಾಡ್ಲಿ? ದೋಣೀನ ಕೆಸರು ಹತ್ತಿಸಿದ ಜೊತೆಯಾಳು ಅಂತ ಒಂದು ಸಲ ಹೆಸರು ಬಿದ್ರೆ ಈ ನೀರಲ್ಲಿ ಯಾವನೂ ನಂಬಲ್ಲ. ನಾನು ಸತ್ತಿದ್ರೆ ನಿನ್ನನ್ನ ಯಾರು ಕೆಲಸಕ್ಕಿಟ್ಕೊಳ್ತಿದ್ರು? ಅದ್ಕೇ ಕೊಕ್ಕೆ ಕಥೇನ ಊರೆಲ್ಲ ಸಾರ್ದೆ. ಜನ ಅದಕ್ಕೆ ನಕ್ರು, ಕೆಸರನ್ನ ಮರೆತ್ರು. ಈಗ ಹೋಗಿ ಕೇಳು, ನೀನು ದಿಬ್ಬ ಹತ್ತಿಸಿದ್ದು ಒಬ್ಬನಿಗಾದ್ರೂ ನೆನಪಿದ್ಯಾ?”

ಒಬ್ಬನಿಗೂ ನೆನಪಿರಲಿಲ್ಲ. ತಿರ್ಜಾಳಿಗೆ ಆಗ ತಿಳಿಯಿತು. ಇಷ್ಟು ವರ್ಷ ತಾನು ನಗುತ್ತ ತೆತ್ತ ದಂಡವೆಂದುಕೊಂಡದ್ದು ದಂಡವೇ ಆಗಿರಲಿಲ್ಲ. ಆ ಸಿಡುಕ ಮುದುಕ ತನ್ನನ್ನು ಕಾಯುತ್ತಿದ್ದ. ಅವಳು ಏನೂ ಮುಚ್ಚಿಡದೆ ಅತ್ತಳು. ಏಡಾ ಬ್ರೆಡ್ಡಿನ ಚಾಕು ಕೆಳಗಿಟ್ಟು ಅವಳ ಬೆನ್ನ ಮೇಲೆ ಕೈಯಿಟ್ಟು, “ಇಬ್ರಿಗೂ ಒಂದೇ ರೋಗ. ಇಪ್ಪತ್ತಾರು ವರ್ಷ ಬೇಕಾಯ್ತಾ ಇಷ್ಟು ಹೇಳೋಕೆ?” ಎಂದಳು.

“ಥ್ಯಾಂಕ್ಸ್ ಓಬೆಡ್,” ಎಂದಳು ತಿರ್ಜಾ, ಮೂಗು ಒರೆಸಿಕೊಳ್ಳುತ್ತ.

“ನಂಗ್ಯಾಕೆ?” ಎಂದ ಅವನು. “ನೀನು ಅವತ್ತು ಹೋಗ್ಬಿಟ್ಟಿದ್ರೆ ಮುಂದೇನಿದೆ ಅಂತ ನಂಗೆ ಯಾರು ಹೇಳ್ತಿದ್ರು? ನಾನು ನಿನಗೆ ಹೇಳ್ಬೇಕು.” ಮೇಜಿನ ಬಟ್ಟೆಯನ್ನು ನೋಡುತ್ತ, ಬಹಳ ಕಷ್ಟದಿಂದ, ಥ್ಯಾಂಕ್ಸ್ ಹೇಳಿಯೂ ಹೇಳಿದ. ಆಮೇಲೆ ನಾಳೆ ಆಸ್ಪತ್ರೆಗೆ ತನ್ನ ಜೊತೆ ಅವಳೂ ಬರುತ್ತಾಳಾ ಎಂದು ಕೇಳಿದ. ಬರುತ್ತೇನೆ ಎಂದಳು ತಿರ್ಜಾ.